ಬಾಗಿದ ತಲೆ, ಎತ್ತಿದ ಕೈಗಳು: ಮಹ್ಮೂದ್ ಅಬ್ದುಲ್ ರವೂಫ್‌ರ ಕ್ರೀಡಾ ಬದುಕು

ಸಂಪತ್ತು ಮತ್ತು ಕೀರ್ತಿ ಅಲ್ಲಾಹನ ಅನುಗ್ರಹಗಳು. ಅವೇ ಪರೀಕ್ಷೆಗಳೂ ಹೌದು. ಬಡತನದಲ್ಲಿ ತಾಳ್ಮೆ ವಹಿಸಿದ ಅನೇಕರು ಸಮೃದ್ಧಿಯಲ್ಲಿ ಎಡವಿದ್ದನ್ನು ಇತಿಹಾಸ ಕಂಡಿದೆ. ಬಡತನದಿಂದ ಮೇಲೆದ್ದು ಸಂಪಾದನೆಯ ಶಿಖರದಲ್ಲಿರುವಾಗಲೇ ತನ್ನ ಮನಸ್ಸಾಕ್ಷಿಗಾಗಿ ಅದೆಲ್ಲವನ್ನೂ ಪಣಕ್ಕಿಟ್ಟವರು ವಿರಳ. ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಆಟಗಾರ ಮಹ್ಮೂದ್ ಅಬ್ದುಲ್ ರವೂಫ್ ಅಂತಹ ವಿರಳರಲ್ಲೊಬ್ಬರು. ನಮ್ಮ ಮಕ್ಕಳು ಕ್ರೀಡಾಪಟುಗಳ ಚಿತ್ರಗಳನ್ನು ಗೋಡೆಗೆ ಅಂಟಿಸಿಕೊಳ್ಳುವ ಈ ಕಾಲದಲ್ಲಿ ಅವರ ಚರಿತ್ರೆಯನ್ನು ಒಮ್ಮೆ ಓದುವುದು ಉಚಿತ.

ಅವರು ಹುಟ್ಟಿದ್ದು 1969ರ ಮಾರ್ಚ್ 9ರಂದು, ಮಿಸಿಸಿಪ್ಪಿ ರಾಜ್ಯದ ಗಲ್ಫ್‌ಪೋರ್ಟ್ ಎಂಬ ಕಡಲತೀರದ ಊರಿನಲ್ಲಿ. ಹೆತ್ತವರಿಟ್ಟ ಹೆಸರು ಕ್ರಿಸ್ ಜಾಕ್ಸನ್. ತಂದೆಯ ಆಸರೆ ಇರಲಿಲ್ಲ. ತಾಯಿಯೊಬ್ಬರೇ ದುಡಿದು ಮಕ್ಕಳನ್ನು ಸಾಕಿದರು. ಕರಿಯರ ಮೇಲಿನ ದೌರ್ಜನ್ಯಕ್ಕೆ ಹೆಸರಾಗಿದ್ದ ಆ ರಾಜ್ಯದಲ್ಲಿ ಬಡ ಕರಿಯ ಕುಟುಂಬವೊಂದರ ಬದುಕು ಹೇಗಿದ್ದಿರಬಹುದೆಂದು ಊಹಿಸುವುದು ಕಷ್ಟವಲ್ಲ.

ಇದರ ಜೊತೆಗೆ ಬಾಲಕನಿಗೆ ಇನ್ನೊಂದು ಸಂಕಟವಿತ್ತು. ಅವನ ಕಣ್ಣು, ಕುತ್ತಿಗೆ, ಕೈಗಳು ಅವನ ಅಂಕೆಗೆ ಸಿಗದೆ ಅದುರುತ್ತಿದ್ದವು. ಗಂಟಲಿನಿಂದ ತಾನಾಗಿಯೇ ಸದ್ದು ಹೊರಡುತ್ತಿತ್ತು. ಶಾಲೆಯಲ್ಲಿ ಅವನನ್ನು ಮಂದಬುದ್ಧಿಯವನೆಂದು ಎಣಿಸಲಾಯಿತು. ಅದು ಟುರೆಟ್ ಸಿಂಡ್ರೋಮ್ ಎಂಬ ನರಸಂಬಂಧಿ ಕಾಯಿಲೆಯೆಂದು ವೈದ್ಯರು ಗುರುತಿಸುವಾಗ ಅವನಿಗೆ ಹದಿನೇಳು ವರ್ಷ. ಈ ಕಾಯಿಲೆಯ ಒಂದು ಲಕ್ಷಣವೆಂದರೆ, ಮಾಡಿದ ಕೆಲಸ ಮನಸ್ಸಿಗೆ ಸರಿಯೆನಿಸುವ ತನಕ ಅದನ್ನೇ ಮತ್ತೆ ಮತ್ತೆ ಮಾಡಬೇಕೆಂಬ ತಡೆಯಲಾಗದ ಒತ್ತಡ. ಶೂ ಲೇಸು ಕಟ್ಟುವುದರಲ್ಲೂ ಅದೇ, ಚೆಂಡು ಎಸೆಯುವುದರಲ್ಲೂ ಅದೇ. ಚೆಂಡು ಬಳೆಯ ಅಂಚನ್ನೂ ತಾಗದೆ ಬಲೆಯೊಳಗೆ ಇಳಿಯಬೇಕು, ಅದೂ ಸತತವಾಗಿ ಹತ್ತು ಬಾರಿ. ಒಂದು ತಪ್ಪಿದರೆ ಎಣಿಕೆ ಮತ್ತೆ ಮೊದಲಿನಿಂದ. ಅದು ಪೂರ್ಣಗೊಳ್ಳುವ ತನಕ ಆತ ಅಂಗಳ ಬಿಡುತ್ತಿರಲಿಲ್ಲ. ಜನ ಕೊರತೆಯೆಂದು ನಕ್ಕದ್ದರಿಂದಲೇ ಅಲ್ಲಾಹನು ಆ ಹುಡುಗನ ಶಕ್ತಿಯನ್ನು ಹೊರತೆಗೆದನು.

ವಿಶ್ವವಿದ್ಯಾನಿಲಯದ ಅಂಗಳದಿಂದ ಎನ್‌ಬಿಎಗೆ

1988ರಲ್ಲಿ ಅವರು ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾನಿಲಯ ಸೇರಿದರು. ಮೊದಲ ವರ್ಷದಲ್ಲೇ ಪಂದ್ಯವೊಂದಕ್ಕೆ ಸರಾಸರಿ 30.2 ಅಂಕ ಗಳಿಸಿದರು. ಮೊದಲ ವರ್ಷದ ವಿದ್ಯಾರ್ಥಿಯೊಬ್ಬ ಅದಕ್ಕೆ ಮುಂಚೆ ಅಷ್ಟು ಗಳಿಸಿದ್ದಿಲ್ಲ. ಅಲ್ಲಿನ ತರಬೇತುದಾರ ಡೇಲ್ ಬ್ರೌನ್ ಅವರ ಕೈಗೆ ಮಾಲ್ಕಮ್ ಎಕ್ಸ್‌ರ ಆತ್ಮಕಥೆಯನ್ನಿತ್ತರು. ಬ್ರೌನ್ ಸ್ವತಃ ಮುಸ್ಲಿಮರಲ್ಲ. ಆದರೆ ಆ ಪುಸ್ತಕವು ಯುವಕನ ಅಂತರಂಗದಲ್ಲಿ ಪ್ರಶ್ನೆಗಳ ಬಾಗಿಲನ್ನು ತೆರೆಯಿತು. ಮಾರ್ಗದರ್ಶನವು ಯಾರ ಕೈಯಿಂದ, ಯಾವ ದಾರಿಯಲ್ಲಿ ಬರುವುದೆಂದು ಯಾರೂ ಮುಂಚಿತವಾಗಿ ಹೇಳಲಾರರು.

1990ರಲ್ಲಿ ಡೆನ್ವರ್ ನಗೆಟ್ಸ್ ತಂಡವು ಆ ವರ್ಷದ ಆಯ್ಕೆಯಲ್ಲಿ ಮೂರನೆಯವರಾಗಿ ಅವರನ್ನು ಪಡೆಯಿತು. ಹಣ ಬಂತು, ಹೆಸರು ಬಂತು, ಆದರೆ ಮನಸ್ಸಿಗೆ ನೆಮ್ಮದಿ ಬರಲಿಲ್ಲ. 1991ರಲ್ಲಿ ಅವರು ಇಸ್ಲಾಮ್ ಸ್ವೀಕರಿಸಿದರು. 1993ರಲ್ಲಿ ಕಾನೂನುಬದ್ಧವಾಗಿ ಮಹ್ಮೂದ್ ಅಬ್ದುಲ್ ರವೂಫ್ ಎಂದು ಹೆಸರು ಬದಲಿಸಿಕೊಂಡರು. ಮಹ್ಮೂದ್ ಎಂದರೆ ಪ್ರಶಂಸನೀಯ. ಅಬ್ದುಲ್ ರವೂಫ್ ಎಂದರೆ ಪರಮ ಕೃಪಾಳುವಿನ ದಾಸ. ಈ ದಾರಿ ಅಮೆರಿಕದ ಕ್ರೀಡಾರಂಗಕ್ಕೆ ಹೊಸದಾಗಿರಲಿಲ್ಲ. 1960ರ ದಶಕದಲ್ಲಿ ಮುಹಮ್ಮದ್ ಅಲಿ, 1971ರಲ್ಲಿ ಕರೀಮ್ ಅಬ್ದುಲ್ ಜಬ್ಬಾರ್ ಅದೇ ದಾರಿಯಲ್ಲಿ ನಡೆದಿದ್ದರು.

ವಿಶ್ವಾಸವು ಅವರ ಆಟವನ್ನು ಕುಗ್ಗಿಸಲಿಲ್ಲ. 1993ರಲ್ಲಿ ಲೀಗಿನ ಅತ್ಯಂತ ಸುಧಾರಿತ ಆಟಗಾರ ಎಂಬ ಪುರಸ್ಕಾರ ಅವರಿಗೆ ಸಂದಿತು. 1993-94ರ ಋತುವಿನಲ್ಲಿ ಎಸೆದ 229 ಫ್ರೀ ಥ್ರೋಗಳಲ್ಲಿ 219 ಬಲೆ ಸೇರಿದವು. ತಪ್ಪಿದ್ದು ಹತ್ತು ಮಾತ್ರ. ಅದೇ ಋತುವಿನ ಕೊನೆಯಲ್ಲಿ, ಎಂಟನೇ ಸ್ಥಾನದ ಡೆನ್ವರ್ ತಂಡವು ಅಗ್ರಸ್ಥಾನದ ಸಿಯಾಟಲ್ ತಂಡವನ್ನು ಮಣಿಸಿ ಲೀಗಿನ ಇತಿಹಾಸದಲ್ಲಿ ಹಿಂದೆಂದೂ ಆಗದ್ದನ್ನು ಸಾಧಿಸಿತು. 1995ರ ಡಿಸೆಂಬರಿನಲ್ಲಿ ಯೂಟಾ ತಂಡದ ವಿರುದ್ಧ ಅವರೊಬ್ಬರೇ 51 ಅಂಕ ಗಳಿಸಿದರು.

ಅವರು ರಮಝಾನಿನ ಉಪವಾಸವನ್ನು ಪಂದ್ಯಗಳ ನಡುವೆಯೂ ಬಿಡುತ್ತಿರಲಿಲ್ಲ. 1996ರ ಫೆಬ್ರವರಿ 4, ಅದು ರಮಝಾನ್ ತಿಂಗಳು. ಮೈಕಲ್ ಜೋರ್ಡನ್‌ರ ಶಿಕಾಗೊ ಬುಲ್ಸ್ ಸತತ 18 ಪಂದ್ಯ ಗೆದ್ದು ಡೆನ್ವರಿಗೆ ಬಂದಿತ್ತು. ಆ ದಿನ ಅಬ್ದುಲ್ ರವೂಫ್ 32 ಅಂಕ ಗಳಿಸಿದರು, ಬುಲ್ಸ್ ಸೋತಿತು. ಆ ಇಡೀ ಋತುವಿನ 82 ಪಂದ್ಯಗಳಲ್ಲಿ ಆ ತಂಡ ಸೋತದ್ದು ಹತ್ತೇ ಹತ್ತು ಬಾರಿ.

ಮಾರ್ಚ್ 1996

ಇದಾಗಿ ಐದು ವಾರಗಳಲ್ಲಿ ಅವರ ಬದುಕು ತಿರುಗಿತು. ಪ್ರತಿ ಪಂದ್ಯಕ್ಕೂ ಮುನ್ನ ಅಮೆರಿಕದ ರಾಷ್ಟ್ರಗೀತೆ ನುಡಿಸುವುದು ಅಲ್ಲಿನ ರೂಢಿ. ಆಟಗಾರರು ಗೌರವಪೂರ್ವಕವಾಗಿ ಸಾಲಾಗಿ ನಿಲ್ಲಬೇಕೆಂಬುದು ಲೀಗಿನ ನಿಯಮ. ಆ ಋತುವಿನಲ್ಲಿ ಅಬ್ದುಲ್ ರವೂಫ್ ಆ ಹೊತ್ತಿಗೆ ಒಳಕೋಣೆಯಲ್ಲಿರುತ್ತಿದ್ದರು, ಇಲ್ಲವೇ ಸಾಲಿನಿಂದ ದೂರ ಉಳಿಯುತ್ತಿದ್ದರು. ಘೋಷಣೆ ಕೂಗಲಿಲ್ಲ, ಯಾರನ್ನೂ ಜೊತೆಗೆ ಕರೆಯಲಿಲ್ಲ. ಹಲವು ತಿಂಗಳು ಯಾರೂ ಅದನ್ನು ಗಮನಿಸಲೂ ಇಲ್ಲ. ಕೊನೆಗೆ ಸ್ಥಳೀಯ ರೇಡಿಯೋದಲ್ಲಿ ಈ ವಿಷಯ ಚರ್ಚೆಗೆ ಬಂದಾಗ ಪತ್ರಕರ್ತರು ಕಾರಣ ಕೇಳಿದರು. ಅವರು ಮುಚ್ಚುಮರೆಯಿಲ್ಲದೆ ಉತ್ತರಿಸಿದರು: ಆ ಧ್ವಜವು ದಮನ ಮತ್ತು ದಬ್ಬಾಳಿಕೆಯ ಸಂಕೇತವೂ ಆಗಿದೆ, ದಬ್ಬಾಳಿಕೆಯ ಪರ ನಿಲ್ಲಲು ತನ್ನ ವಿಶ್ವಾಸ ಒಪ್ಪುವುದಿಲ್ಲ. ಗುಲಾಮರ ಸಂತತಿಯಾಗಿ ಮಿಸಿಸಿಪ್ಪಿಯಲ್ಲಿ ಬೆಳೆದವನ ಮಾತು ಅದು.

ಮಾರ್ಚ್ 12ರಂದು ಲೀಗ್ ಅವರನ್ನು ಅಮಾನತುಗೊಳಿಸಿತು. ಕಳೆದುಕೊಳ್ಳುವ ಪ್ರತಿ ಪಂದ್ಯಕ್ಕೆ 31,707 ಡಾಲರ್ ನಷ್ಟ. ದೇಶದಾದ್ಯಂತ ನಿಂದನೆ ಹರಿದುಬಂತು. ಕೆಲವು ರೇಡಿಯೋ ಸಿಬ್ಬಂದಿ ಡೆನ್ವರಿನ ಮಸೀದಿಯೊಂದಕ್ಕೆ ನುಗ್ಗಿ ತುತ್ತೂರಿಯಲ್ಲಿ ರಾಷ್ಟ್ರಗೀತೆ ನುಡಿಸಿದರು. ಒಬ್ಬ ಆಟಗಾರನ ಮೇಲಿನ ಸಿಟ್ಟನ್ನು ಅವನ ಆಟವನ್ನೇ ನೋಡಿರದ ನಮಾಝಿಗಳ ಮೇಲೆ ತೀರಿಸಲಾಯಿತು. ಇದು ಆ ದೇಶಕ್ಕೆ ಮಾತ್ರ ಸೀಮಿತವಾದ ರೋಗವಲ್ಲ.

ಇಲ್ಲಿ ಒಂದು ವಿಷಯವನ್ನು ಪ್ರಾಮಾಣಿಕವಾಗಿ ಹೇಳಬೇಕು. ಮುಸ್ಲಿಮರೆಲ್ಲರೂ ಅವರ ನಿಲುವನ್ನು ಒಪ್ಪಲಿಲ್ಲ. ಹ್ಯೂಸ್ಟನ್ ತಂಡದ ಹಕೀಮ್ ಒಲಾಜುವಾನ್ ಕೂಡಾ ಉಪವಾಸವಿದ್ದುಕೊಂಡೇ ಆಡಿದವರು, ಧರ್ಮನಿಷ್ಠೆಗೆ ಹೆಸರಾದವರು. ಮುಸ್ಲಿಮನು ತಾನು ವಾಸಿಸುವ ದೇಶದ ಕಾನೂನನ್ನು ಗೌರವಿಸಬೇಕೆಂದು ಅವರು ಅಭಿಪ್ರಾಯಪಟ್ಟರು. ಎದ್ದು ನಿಲ್ಲುವುದು ಆರಾಧನೆಯಲ್ಲ, ಸೌಜನ್ಯ ಮಾತ್ರ ಎಂದವರೂ ಇದ್ದರು. ಇಬ್ಬರು ವಿಶ್ವಾಸಿಗಳು ಒಂದೇ ಗ್ರಂಥವನ್ನು ನಂಬಿ, ಒಂದೇ ಕಿಬ್ಲಾದತ್ತ ಮುಖ ಮಾಡಿ, ಬೇರೆ ಬೇರೆ ತೀರ್ಮಾನಕ್ಕೆ ಬರಬಹುದು. ಯಾರ ನಿಲುವು ಸರಿಯೆಂದು ತೀರ್ಪು ನೀಡುವುದು ಈ ಲೇಖನದ ಉದ್ದೇಶವಲ್ಲ. ಆದರೆ ಅಬ್ದುಲ್ ರವೂಫ್ ಮುಂದೆ ಮಾಡಿದ್ದು ಗಮನಾರ್ಹ: ಅವರು ಹಟ ಹಿಡಿಯಲಿಲ್ಲ, ಸಲಹೆ ಕೇಳಿದರು. ಎರಡೇ ದಿನಗಳಲ್ಲಿ ಒಪ್ಪಂದವಾಯಿತು. ತಾನು ಎದ್ದು ನಿಲ್ಲುವೆನು, ಆದರೆ ಆ ಹೊತ್ತಿನಲ್ಲಿ ಸಂಕಟದಲ್ಲಿರುವ ಎಲ್ಲ ಜನರಿಗಾಗಿ, ಅವರು ಯಾವ ಬಣ್ಣದವರಾದರೂ, ಪ್ರಾರ್ಥಿಸುವೆನು ಎಂದರು.

ಮಾರ್ಚ್ 15ರಂದು ಶಿಕಾಗೊದಲ್ಲಿ ಗೀತೆ ಮೊಳಗಿದಾಗ ಅವರು ಸಾಲಿನಲ್ಲಿ ನಿಂತರು. ತಲೆ ಬಾಗಿತ್ತು, ಎರಡು ಅಂಗೈಗಳು ದುಆಕ್ಕಾಗಿ ಮುಖದ ಮುಂದೆ ತೆರೆದಿದ್ದವು. ಸುತ್ತಲೂ ಕೂಗಾಟ. ಆ ಛಾಯಾಚಿತ್ರ ಇಂದಿಗೂ ಉಳಿದಿದೆ.

ತೆತ್ತ ಬೆಲೆ

ಅಮಾನತು ಒಂದು ಪಂದ್ಯಕ್ಕೆ ಮುಗಿಯಿತು, ಶಿಕ್ಷೆ ಮುಗಿಯಲಿಲ್ಲ. ಆ ಋತುವಿನಲ್ಲಿ ಸರಾಸರಿ 19.2 ಅಂಕ ಗಳಿಸಿದ್ದ ಆಟಗಾರನನ್ನು ಡೆನ್ವರ್ ತಂಡ ಜೂನ್ ತಿಂಗಳಲ್ಲೇ ಸ್ಯಾಕ್ರಮೆಂಟೊ ತಂಡಕ್ಕೆ ಕೊಟ್ಟುಬಿಟ್ಟಿತು. ಅಲ್ಲಿ ಆಡುವ ಅವಕಾಶ ಕ್ರಮೇಣ ಕ್ಷೀಣಿಸಿತು. 1998ರಲ್ಲಿ ಕರಾರು ಮುಗಿದಾಗ ಅವರಿಗೆ 29 ವರ್ಷ; ಆಟಗಾರನ ಪ್ರೌಢ ವಯಸ್ಸು. ಲೀಗಿನಲ್ಲಿ ಸ್ಥಳ ಸಿಗದೆ ಅವರು ಟರ್ಕಿಯ ಫೆನರ್‌ಬಾಚೆ ಸೇರಿದರು. 2000-01ರಲ್ಲಿ ವ್ಯಾಂಕೋವರ್ ಪರ 41 ಪಂದ್ಯ ಆಡಿದ್ದೇ ಎನ್‌ಬಿಎಯಲ್ಲಿ ಅವರ ಕೊನೆಯ ಆಟ. 2001ರಲ್ಲಿ ಮಿಸಿಸಿಪ್ಪಿಯಲ್ಲಿದ್ದ ಅವರ ಮನೆ ಬೆಂಕಿಗಾಹುತಿಯಾಯಿತು. ಅದು ಕಿಡಿಗೇಡಿಗಳ ಕೃತ್ಯವೆಂಬ ಶಂಕೆ ವ್ಯಕ್ತವಾಯಿತು. ಪುಣ್ಯಕ್ಕೆ ಆಗ ಮನೆಯಲ್ಲಿ ಯಾರೂ ಇರಲಿಲ್ಲ.

ಅವರು ಆಟ ಬಿಡಲಿಲ್ಲ. ರಷ್ಯಾ, ಇಟಲಿ, ಗ್ರೀಸ್, ಸೌದಿ ಅರೇಬಿಯಾ, ಕೊನೆಗೆ ಜಪಾನ್ ಹೀಗೆ ದೇಶದಿಂದ ದೇಶಕ್ಕೆ ಹೋಗಿ ನಲವತ್ತು ದಾಟುವ ತನಕ ಆಡಿ ಹೊಟ್ಟೆಪಾಡು ನಡೆಸಿದರು. ಒಂದು ಬಾಗಿಲು ಮುಚ್ಚಿದರೂ ಅನ್ನದಾತನ ಭೂಮಿ ವಿಶಾಲವಾಗಿತ್ತು.

2016ರಲ್ಲಿ ಅಮೆರಿಕನ್ ಫುಟ್‌ಬಾಲ್ ಆಟಗಾರ ಕಾಲಿನ್ ಕೇಪರ್ನಿಕ್ ಕರಿಯರ ಮೇಲಿನ ದೌರ್ಜನ್ಯವನ್ನು ಪ್ರತಿಭಟಿಸಿ ರಾಷ್ಟ್ರಗೀತೆಯ ಹೊತ್ತಿನಲ್ಲಿ ಮಂಡಿಯೂರಿದಾಗ, ಜಗತ್ತಿಗೆ ಇಪ್ಪತ್ತು ವರ್ಷ ಹಿಂದಿನ ಅಬ್ದುಲ್ ರವೂಫ್ ನೆನಪಾದರು. 2020ರಲ್ಲಿ ಅವರ ವಿಶ್ವವಿದ್ಯಾನಿಲಯವು ಅವರು ಧರಿಸುತ್ತಿದ್ದ 35ನೇ ಸಂಖ್ಯೆಯನ್ನು ಬೇರಾರಿಗೂ ನೀಡದೆ ಗೌರವಿಸಿತು. ಗೌರವ ಬಂತು, ಆದರೆ ಯೌವನದ ವರ್ಷಗಳು ಮರಳಲಿಲ್ಲ.

ಅವರು ತಮ್ಮ ನಿಲುವಿಗಾಗಿ ಪಶ್ಚಾತ್ತಾಪ ಪಡಲಿಲ್ಲ. ನಮ್ಮಲ್ಲಿ ಅನೇಕರಿಗೆ ಕೋಟಿಗಳ ಪರೀಕ್ಷೆ ಬರಲಾರದು. ನಮಗೆ ಬರುವುದು ಸಣ್ಣ ಪರೀಕ್ಷೆಗಳು: ತೂಕದಲ್ಲಿ ಸ್ವಲ್ಪ ಕಡಿಮೆ ಮಾಡಿದರೆ ಸಿಗುವ ಲಾಭ, ಒಂದು ಸುಳ್ಳು ಸಹಿಯಿಂದ ಉಳಿಯುವ ನೌಕರಿ, ಮೌನವಾಗಿದ್ದರೆ ಸಿಗುವ ಬಡ್ತಿ. ನ್ಯಾಯದ ಪರ ನಿಲ್ಲಬೇಕು, ಅದು ನಮಗೇ ನಷ್ಟ ತಂದರೂ ಸರಿ ಎಂಬುದು ಕುರ್‌ಆನಿನ ಬೋಧನೆ. ಆ ನಷ್ಟದ ಲೆಕ್ಕವನ್ನು ಡಾಲರಿನಲ್ಲಿ ಕಂಡೂ ಹಿಂಜರಿಯದ ಒಬ್ಬ ದಾಸನ ಚರಿತ್ರೆಯನ್ನು ನಮ್ಮ ಮಕ್ಕಳಿಗೆ ಹೇಳೋಣ. ಅವರ 51 ಅಂಕಗಳ ಜೊತೆಗೆ ಆ ತೆರೆದ ಅಂಗೈಗಳ ಕಥೆಯನ್ನೂ ಹೇಳೋಣ.

ಸಮೃದ್ಧಿಯಲ್ಲಿ ವಿನಯವನ್ನೂ ಸಂಕಷ್ಟದಲ್ಲಿ ಸ್ಥಿರತೆಯನ್ನೂ ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.