ಶಾಂತಲಾ: ಒಂದು ಹೆಸರಿನ ಒಂಬೈನೂರು ವರ್ಷ

ಪದವಿ ಪ್ರಮಾಣಪತ್ರಗಳಲ್ಲಿ ಮಕ್ಕಳ ಹೆಸರನ್ನು ಕನ್ನಡ ಅಕ್ಷರಗಳಲ್ಲಿ ಬರೆಯಲು ಕುಳಿತಾಗ ಶಿಕ್ಷಕರಲ್ಲಿ ಸಣ್ಣ ಚರ್ಚೆ ಏಳುವುದುಂಟು. ಪಾಸ್‌ಪೋರ್ಟಿನ ಇಂಗ್ಲಿಷ್ ಅಕ್ಷರಗಳನ್ನು ನೋಡಿದರೆ ಹ್ರಸ್ವ ಎಲ್ಲಿ, ದೀರ್ಘ ಎಲ್ಲಿ, ಲಕಾರವೋ ಳಕಾರವೋ ತಿಳಿಯುವುದಿಲ್ಲ. ಮಕ್ಕಳನ್ನೇ ಕೇಳಿದರೆ ಹೆಸರಿನ ಅರ್ಥವನ್ನು ಥಟ್ಟನೆ ಹೇಳುತ್ತಾರೆ. ಆ ಹೆಸರು ಎಲ್ಲಿಂದ ಬಂತು, ತಮಗಿಂತ ಮೊದಲು ಅದನ್ನು ಯಾರು ಹೊತ್ತಿದ್ದರು ಎಂದರೆ ಸುಮ್ಮನಾಗುತ್ತಾರೆ. ಅರ್ಥ ಚಿಕ್ಕದಾಗಿದ್ದು ಚರಿತ್ರೆ ದೊಡ್ಡದಾಗಿರುವ ಹೆಸರುಗಳು ನಮ್ಮಲ್ಲಿ ಹಲವಿವೆ. ಅವುಗಳಲ್ಲಿ ಒಂದು ‘ಶಾಂತಲಾ’. ಶಾಂತಾ, ಶಾಂತಿ ಎಂಬ ಹೆಸರುಗಳು ಭಾರತದ ಎಲ್ಲೆಡೆ ಸಿಗುತ್ತವೆ. ಶಾಂತಲಾ ಹಾಗಲ್ಲ. ಕರ್ನಾಟಕದಲ್ಲಿ ಕೂಡ ಅದು ಎಲ್ಲರಿಗೂ ಗೊತ್ತಿರುವ, ಆದರೆ ಬೀದಿಗೊಬ್ಬರು ಸಿಗದ ಹೆಸರು.

ಶಾಸನಗಳಲ್ಲಿ ಶಾಂತಲೆ

ಈ ಹೆಸರಿನ ಕೀರ್ತಿಗೆ ಕಾರಣಳಾದವಳು ಹೊಯ್ಸಳ ದೊರೆ ವಿಷ್ಣುವರ್ಧನನ ಪಟ್ಟದರಸಿ. ಅವಳ ಬಗ್ಗೆ ಖಚಿತವಾಗಿ ತಿಳಿದಿರುವುದು ಕಡಿಮೆ, ಆದರೆ ಗಟ್ಟಿಯಾದದ್ದು, ಏಕೆಂದರೆ ಅದು ಕಲ್ಲಿನ ಮೇಲಿದೆ. ತಂದೆ ಮಾರಸಿಂಗಯ್ಯ ಶಿವಭಕ್ತ, ತಾಯಿ ಮಾಚಿಕಬ್ಬೆ ಜೈನಳು. ಗಂಡ ವೈಷ್ಣವನೆಂದು ಹೆಸರಾದರೂ ಶಾಂತಲೆ ತಾಯಿಯ ಧರ್ಮದಲ್ಲೇ ಉಳಿದಳು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ 1123ರಲ್ಲಿ ಶಾಂತಿನಾಥನಿಗೆ ಬಸದಿ ಕಟ್ಟಿಸಿದಳು. ಹಾಗೆಂದು ಉಳಿದ ದೇವರುಗಳಿಂದ ದೂರ ನಿಲ್ಲಲಿಲ್ಲ. ಬೇಲೂರಿನಲ್ಲಿ 1117ರಲ್ಲಿ ವಿಷ್ಣುವರ್ಧನ ಈಗ ನಾವು ಚೆನ್ನಕೇಶವನೆಂದು ಕರೆಯುವ ದೇವರನ್ನು ಪ್ರತಿಷ್ಠಾಪಿಸಿದಾಗ, ಅದೇ ಆವರಣದ ಕಪ್ಪೆ ಚೆನ್ನಿಗರಾಯನ ಗುಡಿ ಶಾಂತಲೆಯದಾಗಿತ್ತು. ಹಳೇಬೀಡಿನ ಜೋಡಿ ಗುಡಿಯಲ್ಲಿ ಒಂದು ಹೊಯ್ಸಳೇಶ್ವರ, ಇನ್ನೊಂದು ಶಾಂತಲೇಶ್ವರ. ಒಂದೇ ಮನೆಯಲ್ಲಿ ಶೈವ, ಜೈನ, ವೈಷ್ಣವ ಮೂರೂ ಕೂಡಿ ಬಾಳಿದ್ದಕ್ಕೆ ಇದಕ್ಕಿಂತ ಹಳೆಯ ಉದಾಹರಣೆ ಹುಡುಕಬೇಕಿಲ್ಲ.

ಗೀತ, ವಾದ್ಯ, ನೃತ್ಯಗಳಲ್ಲಿ ಅವಳ ಪ್ರಾವೀಣ್ಯವನ್ನು ಶಾಸನಗಳು ಹೊಗಳುತ್ತವೆ. ಅವಳಿಗೆ ‘ಸವತಿಗಂಧವಾರಣೆ’ ಎಂಬ ಬಿರುದೂ ಇತ್ತು. ಸವತಿಯರ ಪಾಲಿಗೆ ಮದ್ದಾನೆಯಂಥವಳು ಎಂದರ್ಥ. ಚಿಕ್ಕಬೆಟ್ಟದ ಆ ಬಸದಿಗೆ ಇಂದಿಗೂ ‘ಸವತಿಗಂಧವಾರಣ ಬಸದಿ’ ಎಂದೇ ಹೆಸರು. ಈ ಬಿರುದನ್ನು ಮಕ್ಕಳಿಗೆ ವಿವರಿಸುವಾಗ ನಾವು ತುಸು ತಡವರಿಸುತ್ತೇವೆ. ತಡವರಿಸಬೇಕಾದ್ದಿಲ್ಲ. ಅರಮನೆಯಲ್ಲಿ ಬಮ್ಮಲದೇವಿ, ರಾಜಲದೇವಿಯಂಥ ಬೇರೆ ರಾಣಿಯರೂ ಇದ್ದರು, ಅಂಥ ಕಡೆ ತನ್ನ ಸ್ಥಾನ ಉಳಿಸಿಕೊಳ್ಳಲು ಹೆಣ್ಣಿಗೆ ಗಟ್ಟಿತನ ಬೇಕಿತ್ತು ಎಂದು ನೇರವಾಗಿ ಹೇಳಬಹುದು. ಹೆಸರಿನಲ್ಲಿ ಶಾಂತಿ, ಬಿರುದಿನಲ್ಲಿ ಮದಗಜ. ದೊಡ್ಡ ತರಗತಿಯ ಹುಡುಗಿಯರಿಗೆ ಇದು ಥಟ್ಟನೆ ಹಿಡಿಸುತ್ತದೆ.

ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಮಗಳಿಲ್ಲದ ಬದುಕು ಬೇಡವೆನಿಸಿ ಮಾಚಿಕಬ್ಬೆ ಶ್ರವಣಬೆಳಗೊಳಕ್ಕೆ ಬಂದು ಸಲ್ಲೇಖನ ವ್ರತ ಹಿಡಿದು ಪ್ರಾಣಬಿಟ್ಟಳು. ರಾಜಮನೆತನದ ಕಥೆ ಇಲ್ಲಿ ತಾಯಿ ಮಗಳ ಕಥೆಯಾಗುತ್ತದೆ.

ಹೆಸರಿನ ಕಟ್ಟು

ಶಾಸನಗಳಲ್ಲಿ ಕಾಣುವುದು ‘ಶಾಂತಲದೇವಿ’ ಎಂಬ ರೂಪ. ಆ ಕಾಲದ ಕನ್ನಡ ನಾಡಿನ ರಾಣಿಯರ ಹೆಸರುಗಳನ್ನು ಸಾಲಾಗಿ ಬರೆದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ವಿಷ್ಣುವರ್ಧನನ ತಾಯಿ ಏಚಲದೇವಿ. ಅವನ ಅಣ್ಣ ಬಲ್ಲಾಳನ ರಾಣಿಯರಲ್ಲಿ ಪದ್ಮಲದೇವಿ, ಚಾವಲದೇವಿ. ಹುಂಚದಲ್ಲಿ 1077ರಲ್ಲಿ ಪಂಚಕೂಟ ಬಸದಿ ಕಟ್ಟಿಸಿದ ಚಟ್ಟಲದೇವಿ. ಚಾಳುಕ್ಯ ವಿಕ್ರಮಾದಿತ್ಯನ ಚಂದಲದೇವಿ. ಎಲ್ಲದರ ಕೊನೆಗೂ ‘ಲ’. ಅಂದರೆ ಶಾಂತಲೆಯದು ಆಗ ಅಪರೂಪದ ಅಚ್ಚಿನ ಹೆಸರಲ್ಲ, ಕಾಲಕ್ಕೆ ತಕ್ಕ ಹೆಸರು. ಈಗಿನ ಹೆಣ್ಣುಮಕ್ಕಳಲ್ಲಿ ‘ನ್ವಿ’, ‘ಶ್ರೀ’ ಎಂದು ಕೊನೆಯಾಗುವ ಹೆಸರುಗಳು ಬಂದಂತೆ ಆಗ ‘ಲ’ ಬಂದಿತ್ತು. ಅದರ ಪಕ್ಕದಲ್ಲೇ ‘ಅಬ್ಬೆ’ ಎಂದು ಮುಗಿಯುವ ಹೆಸರುಗಳಿದ್ದವು: ಮಾಚಿಕಬ್ಬೆ, ಕವಿ ರನ್ನನಿಗೆ ಆಶ್ರಯ ಕೊಟ್ಟ ದಾನಚಿಂತಾಮಣಿ ಅತ್ತಿಮಬ್ಬೆ. ಅಬ್ಬೆ ಎಂದರೆ ತಾಯಿ.

ಏಚಲೆ, ಬಮ್ಮಲೆ, ಚಟ್ಟಲೆಯರು ಇಂದು ಯಾವ ಹಾಜರಿ ಪಟ್ಟಿಯಲ್ಲೂ ಕಾಣುವುದಿಲ್ಲ. ಅತ್ತಿಮಬ್ಬೆಯ ಹೆಸರಿನಲ್ಲಿ ಪ್ರಶಸ್ತಿ ಇದೆ, ಮಕ್ಕಳಿಲ್ಲ. ಉಳಿದದ್ದು ಶಾಂತಲೆಯೊಬ್ಬಳೇ. ಅರ್ಥ ಸುಲಭವಾಗಿ ಹೊಳೆಯುವುದು ಒಂದು ಕಾರಣ, ಕಿವಿಗೆ ಹಿತವಾಗಿರುವುದು ಇನ್ನೊಂದು. ಅವೆರಡೇ ಸಾಲುತ್ತಿರಲಿಲ್ಲ. ಯಾರೋ ಅವಳ ಕಥೆಯನ್ನು ಮತ್ತೆ ಹೇಳಬೇಕಾಯಿತು.

ಕಲ್ಲಿನಿಂದ ಕಾದಂಬರಿಗೆ

ಬಿ.ಎಲ್. ರೈಸ್ ಶ್ರವಣಬೆಳಗೊಳದ ಶಾಸನಗಳನ್ನು 1889ರಲ್ಲಿ ಅಚ್ಚು ಮಾಡಿಸಿದರು. ಹಾಸನ ಜಿಲ್ಲೆಯ ಶಾಸನಗಳ ಸಂಪುಟ 1902ರಲ್ಲಿ ಬಂತು. ಆರ್. ನರಸಿಂಹಾಚಾರ್ಯರು ಶ್ರವಣಬೆಳಗೊಳದ ಸಂಪುಟವನ್ನು ಪರಿಷ್ಕರಿಸಿ 1923ರಲ್ಲಿ ಮತ್ತೆ ಹೊರತಂದರು. ಬಂಡೆಯ ಮೇಲಿದ್ದದ್ದು ಪುಸ್ತಕಕ್ಕೆ ಬಂದ ಮೇಲೆ ಕಾದಂಬರಿಕಾರರ ಕೈಗೆ ಸಿಕ್ಕಿತು. ವ್ಯಾಯಾಮ ಶಿಕ್ಷಕರಾಗಿಯೂ ಖ್ಯಾತರಾಗಿದ್ದ ಕೆ.ವಿ. ಅಯ್ಯರ್ ‘ಶಾಂತಲಾ’ ಕಾದಂಬರಿ ಬರೆದರು. ಮುಂದೆ ಸಿ.ಕೆ. ನಾಗರಾಜರಾಯರು ‘ಪಟ್ಟಮಹಾದೇವಿ ಶಾಂತಲದೇವಿ’ ಎಂಬ ನಾಲ್ಕು ಭಾಗಗಳ ಬೃಹತ್ ಕಾದಂಬರಿ ಬರೆದರು. ಅದಕ್ಕೆ 1983ರ ಮೂರ್ತಿದೇವಿ ಪ್ರಶಸ್ತಿ ಬಂತು. ಈ ಪುಸ್ತಕಗಳು ಗ್ರಂಥಾಲಯಗಳಿಂದ ಮನೆಮನೆಗೆ ಓಡಾಡಿದವು. ಓದಿದ ತಾಯಂದಿರಲ್ಲಿ ಕೆಲವರಿಗಾದರೂ ಮಗಳಿಗೆ ಆ ಹೆಸರಿಡುವ ಆಸೆ ಹುಟ್ಟಿದ್ದರೆ ಆಶ್ಚರ್ಯವೇನಿಲ್ಲ. ಮೈಸೂರಿನ ಒಂದು ಚಿತ್ರಮಂದಿರಕ್ಕೂ, ಕರ್ನಾಟಕ ಸರ್ಕಾರ ನೃತ್ಯಕ್ಕೆ ಕೊಡುವ ಪ್ರಶಸ್ತಿಗೂ ಅದೇ ಹೆಸರು ಬಂತು.

ಇಲ್ಲಿ ಶಿಕ್ಷಕರು ಒಂದು ಎಚ್ಚರ ವಹಿಸುವುದು ಒಳ್ಳೆಯದು. ಬೇಲೂರಿನ ದರ್ಪಣಸುಂದರಿ ಶಾಂತಲೆಯೇ ಎಂದು ಮಾರ್ಗದರ್ಶಕರು ಹೇಳುತ್ತಾರೆ. ನಾವೂ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ ಅದನ್ನೇ ಹೇಳುತ್ತೇವೆ. ಅದು ಜನರ ನಂಬಿಕೆ, ಶಾಸನದ ಮಾತಲ್ಲ. ಕಾದಂಬರಿಯ ಶಾಂತಲೆ ಬೇರೆ, ಕಲ್ಲಿನ ಶಾಂತಲೆ ಬೇರೆ ಎಂದು ಹೇಳಿದರೆ ಕಥೆಯ ಸೊಗಸು ಕೆಡುವುದಿಲ್ಲ. ಯಾವುದು ದಾಖಲೆ, ಯಾವುದು ಕಲ್ಪನೆ ಎಂದು ಬೇರ್ಪಡಿಸುವುದನ್ನು ಮಕ್ಕಳು ಕಲಿಯುತ್ತಾರೆ. ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ಈ ಪಾಠಕ್ಕೆ ಒಳ್ಳೆಯ ನೆಪ ಸಿಕ್ಕಿದೆ.

ಕಡಲಾಚೆಯ ಶಾಂತಲಾ

ಈ ಹೆಸರು ನಮಗಿಂತ ಮೊದಲೇ, ನಮ್ಮ ನೆರವಿಲ್ಲದೆ, ಹೊರದೇಶಗಳಿಗೆ ಬಂದ ಕಥೆಯೂ ಇದೆ. ಫ್ರೆಂಚ್ ಪ್ರಸೂತಿ ವೈದ್ಯ ಫ್ರೆಡೆರಿಕ್ ಲೆಬೊಯೆ ಕಲ್ಕತ್ತೆಗೆ ಹೋಗಿದ್ದಾಗ ಒಬ್ಬ ತಾಯಿ ನೆಲದ ಮೇಲೆ ಕಾಲು ಚಾಚಿ ಕುಳಿತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ತೀಡುವುದನ್ನು ಕಂಡರು. ಅವಳ ಹೆಸರು ಶಾಂತಲಾ. ಅವಳ ಕೈಚಳಕದ ಚಿತ್ರಗಳೊಂದಿಗೆ 1976ರಲ್ಲಿ ಅವರು ಬರೆದ ಪುಸ್ತಕಕ್ಕೆ ಅವಳ ಹೆಸರನ್ನೇ ಇಟ್ಟರು. ಅಂದಿನಿಂದ ಫ್ರಾನ್ಸ್, ನೆದರ್‌ಲ್ಯಾಂಡ್ಸ್, ಬ್ರೆಜಿಲ್‌ಗಳಲ್ಲಿ ‘ಶಾಂತಲಾ’ ಎಂದರೆ ಎಳೆಗೂಸಿಗೆ ಎಣ್ಣೆ ನೀವುವ ವಿದ್ಯೆ. ಬ್ರೆಜಿಲ್ ಸರ್ಕಾರ 2017ರಲ್ಲಿ ತನ್ನ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯ ಪೂರಕ ಪದ್ಧತಿಗಳ ಪಟ್ಟಿಗೆ ಅದನ್ನು ಸೇರಿಸಿತು.

ಹೊಯ್ಸಳ ರಾಣಿಗೂ ಈ ತಾಯಿಗೂ ಹೆಸರೊಂದೇ ನಂಟು. ಆದರೆ ಬಾಣಂತನಕ್ಕೆಂದು ಊರಿನಿಂದ ವಿಮಾನದಲ್ಲಿ ಬಂದ ಅಜ್ಜಿಯರು ನಮ್ಮ ಮನೆಗಳಲ್ಲೂ ಮಾಡಿದ್ದು ಇದನ್ನೇ ಅಲ್ಲವೇ? ಬಚ್ಚಲಲ್ಲಿ ಕಾಲು ನೀಡಿ ಕುಳಿತು, ಕೂಸಿಗೆ ಎಣ್ಣೆ ಹಚ್ಚಿ ನೀರೆರೆಯುವ ಆ ಕೆಲಸಕ್ಕೆ ನಾವು ಹೆಸರೇ ಇಟ್ಟಿರಲಿಲ್ಲ.

ಇಲ್ಲಿನ ಶಾಲೆಗಳಲ್ಲಿ ಶಾಂತಲಾ ಎಂಬ ಮಗುವನ್ನು ‘ಶಾಂಟಾಲ್’ ಎಂದು ಕರೆಯುವವರಿರುತ್ತಾರೆ. ಅದು ಸಂತ ಜೇನ್ ದ ಶಾಂಟಾಲ್ ಅವರ ಮನೆತನದ ಹೆಸರಿನಿಂದ ಬಂದ ಫ್ರೆಂಚ್ ಹೆಸರು. ಶಾಂತಲೆಗೆ ಅದರ ಸಂಬಂಧವಿಲ್ಲ. ಒಂದೆರಡು ಸಲ ತಿದ್ದಿ ಹೇಳಿದರೆ ಯಾವ ಶಿಕ್ಷಕರೂ ಬೇಸರಪಡುವುದಿಲ್ಲ. ಹೊರದೇಶದಲ್ಲಿ ಉಚ್ಚಾರಕ್ಕೆ ಸುಲಭವಾಗಲಿ ಎಂದು ಚಿಕ್ಕ ಹೆಸರು ಆರಿಸುವುದು ತಪ್ಪಲ್ಲ. ಆದರೆ ಹೆಸರು ಉಳಿಯುವುದು ಸುಲಭವಾಗಿರುವುದರಿಂದ ಮಾತ್ರವಲ್ಲ, ಅದರ ಹಿಂದಿನ ಕಥೆ ಹೇಳುವವರು ಇರುವುದರಿಂದ. ಏಚಲೆ, ಬಮ್ಮಲೆಯರ ಕಥೆ ಹೇಳುವವರು ಇರಲಿಲ್ಲ. ಅವರ ಹೆಸರೂ ಹೋಯಿತು.

ನಮ್ಮ ಮಕ್ಕಳ ಹೆಸರು ಹೊಸದಿರಲಿ, ಹಳೆಯದಿರಲಿ, ಅದಕ್ಕೊಂದು ಕಥೆ ಇದ್ದೇ ಇರುತ್ತದೆ: ಅಜ್ಜಿಯ ಹೆಸರು, ಮನೆದೇವರ ಹೆಸರು, ಓದಿ ಮೆಚ್ಚಿದ ಪುಸ್ತಕದ ಹೆಸರು. ಪಾಲಕರು ಅದನ್ನು ಕನ್ನಡದಲ್ಲಿ ಹೇಳಲಿ. ಶಿಕ್ಷಕರು ಮುಂದಿನ ವರ್ಷದ ಮೊದಲ ಪ್ರಬಂಧಕ್ಕೆ ‘ನನ್ನ ಹೆಸರಿನ ಕಥೆ’ ಎಂಬ ವಿಷಯ ಕೊಡಲಿ. ಪದವಿ ಪಡೆದು ಹೊರಡುತ್ತಿರುವ ಮಕ್ಕಳೆಲ್ಲರಿಗೂ ಶುಭವಾಗಲಿ, ಅವರು ತಮ್ಮ ಹೆಸರುಗಳನ್ನು ಹೆಮ್ಮೆಯಿಂದ ಹೊತ್ತು ನಡೆಯಲಿ.