ಬೆರಳು ಕಲಿತ ಕನ್ನಡ, ಯಂತ್ರ ಅರಿಯದ ಕನ್ನಡ

ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆ ಎಂದೇ ಹೆಸರಿತ್ತು. ಜಿಲ್ಲಾ ಕೇಂದ್ರ ಚಿಕ್ಕಮಗಳೂರಿನಲ್ಲಿದ್ದರೂ ಕಾಗದಪತ್ರಗಳ ತಲೆಯ ಮೇಲೆ ಕೂತಿದ್ದುದು ಕಡೂರು. ಹೆಸರು ಬದಲಾದಾಗ ಗುಮಾಸ್ತರ ಪಾಲಿಗೆ ಬಂದ ಕೆಲಸ ದೊಡ್ಡದೇನಲ್ಲ. ಹಳೆಯ ಕಡತಗಳನ್ನು ಕಟ್ಟಿ ಅಟ್ಟಕ್ಕೇರಿಸಿ, ಹೊಸ ಹಾಳೆಯ ಮೇಲೆ ಹೊಸ ಹೆಸರು ಬರೆದರೆ ಸಾಕಿತ್ತು.

ಎಪ್ಪತ್ತು ವರ್ಷಗಳ ನಂತರ ಅದೇ ಸೀಮೆಯಲ್ಲಿ ಇನ್ನೊಂದು ಬದಲಾವಣೆಯಾಯಿತು. 2017ರ ರಾಜ್ಯ ಬಜೆಟ್ ಘೋಷಿಸಿದ 49 ಹೊಸ ತಾಲ್ಲೂಕುಗಳಲ್ಲಿ ಅಜ್ಜಂಪುರವೂ ಒಂದು. ಅಲ್ಲಿಯವರೆಗೆ ಅದು ತರೀಕೆರೆ ತಾಲ್ಲೂಕಿಗೆ ಸೇರಿತ್ತು. ಆ ಹೊತ್ತಿಗೆ ಪತ್ರದ ಮಾದರಿಗಳು, ನಮೂನೆಗಳು, ಹೆಸರಿನ ಪಟ್ಟಿಗಳು ಕಂಪ್ಯೂಟರಿನೊಳಗೆ ಸೇರಿಯಾಗಿದ್ದವು. ಇಂಥ ಸಂದರ್ಭಕ್ಕೆಂದೇ ಪದಸಂಸ್ಕರಣೆಯ ತಂತ್ರಾಂಶಗಳಲ್ಲಿ ‘ಹುಡುಕಿ ಬದಲಿಸು’ ಎಂಬ ಆಜ್ಞೆಯಿದೆ. ಒಂದೇ ಗುಂಡಿ ಒತ್ತಿ ನೂರು ಕಡೆ ‘ತರೀಕೆರೆ’ ತೆಗೆದು ‘ಅಜ್ಜಂಪುರ’ ಸೇರಿಸಬಹುದು. ಆದರೆ ಕನ್ನಡದ ಮಟ್ಟಿಗೆ ಈ ಗುಂಡಿ ಬಹುಕಾಲ ನಂಬಿಕೆಗೆ ಅರ್ಹವಾಗಿರಲಿಲ್ಲ. ಏಕೆಂದು ತಿಳಿಯಲು ಈ ಊರುಗಳಲ್ಲಿ ಬರವಣಿಗೆಯ ಕಸುಬು ಕೈಯಿಂದ ಕೈಗೆ ಹೇಗೆ ದಾಟಿತೆಂಬುದನ್ನು ನೋಡಬೇಕು.

ಊರ ಲೆಕ್ಕಪತ್ರ ಒಂದು ಕಾಲದಲ್ಲಿ ಶಾನುಭೋಗರ ಸೊತ್ತು. ಅವರ ಅಕ್ಷರ ಅವರಿಗೇ ಪ್ರೀತಿ. ಇತರರಿಗೆ ಅದನ್ನು ಓದುವುದೇ ಒಂದು ವಿದ್ಯೆ. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ವಂಶಪಾರಂಪರ್ಯದ ಆ ಹುದ್ದೆಗೆ ಮಂಗಳ ಹಾಡಿತು. ಅವರ ಜಾಗಕ್ಕೆ ಸಂಬಳದ ಗ್ರಾಮಲೆಕ್ಕಿಗರು ಬಂದರು. 1963ರಲ್ಲಿ ರಾಜ್ಯಭಾಷಾ ಕಾಯ್ದೆಯೂ ಬಂದು ಕನ್ನಡ ಆಡಳಿತದ ಭಾಷೆಯಾಯಿತು. ಕಚೇರಿಗೆ ಈಗ ಬೇಕಾದದ್ದು ಯಾರು ಬರೆದರೂ ಎಲ್ಲರೂ ಓದಬಹುದಾದ ಅಕ್ಷರ, ಎಂದರೆ ಬೆರಳಚ್ಚು.

ಕನ್ನಡ ಬೆರಳಚ್ಚು ಯಂತ್ರದ ಕೀಲಿಮಣೆಯನ್ನು ರೂಪಿಸಿದವರು ಕೆ. ಅನಂತಸುಬ್ಬರಾಯರು. ಅವರ ಮುಂದಿದ್ದ ಸಮಸ್ಯೆ ಸಣ್ಣದಲ್ಲ. ಇಂಗ್ಲಿಷಿಗೆ 26 ಅಕ್ಷರ ಸಾಕು. ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ರೂಪಗಳು ಸಾವಿರ ದಾಟುತ್ತವೆ. ಯಂತ್ರದಲ್ಲಿರುವ ಕೀಲಿಗಳು ಐವತ್ತರ ಒಳಗೆ. ಅಕ್ಷರವನ್ನು ತುಂಡು ಮಾಡುವುದೇ ಇದಕ್ಕೆ ಉಪಾಯವಾಯಿತು. ಅಕ್ಷರದ ಒಡಲು ಒಂದು ಕಡೆ, ಕೊಂಬು ಇನ್ನೊಂದು ಕಡೆ, ದೀರ್ಘ ಮತ್ತೊಂದು ಕಡೆ, ಒತ್ತು ಮಗದೊಂದು ಕಡೆ. ಈ ತುಂಡುಗಳನ್ನು ಹಾಳೆಯ ಮೇಲೆ ಜೋಡಿಸುವುದು ಬೆರಳಚ್ಚುಗಾರನ ಕೆಲಸ. ಕಾಗದದ ಮೇಲೆ ಮೂಡಿದ್ದು ಕಣ್ಣಿಗೆ ಸರಿಯಾಗಿ ಕಂಡರೆ ಅಲ್ಲಿಗೆ ಮುಗಿಯಿತು. ತಾನು ಒತ್ತಿದ್ದೇನೆಂದು ಯಂತ್ರಕ್ಕೆ ತಿಳಿಯಬೇಕಾದ ಅಗತ್ಯ ಇರಲಿಲ್ಲ.

ತಾಲ್ಲೂಕು ಊರುಗಳ ಬಸ್ ನಿಲ್ದಾಣದ ಸುತ್ತ, ಅಂಗಡಿಯ ಮಹಡಿಗಳ ಮೇಲೆ ಟೈಪಿಂಗ್ ಶಾಲೆಗಳು ಎದ್ದದ್ದು ಹೀಗೆ. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗ ಹುಡುಗಿಯರಿಗೆ ಸರ್ಕಾರಿ ನೌಕರಿಯ ಬಾಗಿಲು ತೆರೆಯುವ ಕೀಲಿ ಅಲ್ಲಿ ಸಿಗುತ್ತಿತ್ತು. ಪರೀಕ್ಷೆಯಲ್ಲಿ ಮೊದಲು ಕಿರಿಯ ದರ್ಜೆ, ಆಮೇಲೆ ಪ್ರೌಢ ದರ್ಜೆ. ವೇಗವೊಂದಿದ್ದರೆ ಸಾಲದು, ಪತ್ರವನ್ನು ಹಾಳೆಯ ಮೇಲೆ ಅಂದವಾಗಿ ಕೂರಿಸಬೇಕು, ಅಂಕಿಅಂಶಗಳ ಕೋಷ್ಟಕವನ್ನು ಕಂಬಸಾಲಿಗೆ ಹೊಂದಿಸಬೇಕು. ಇಂದು ಕಂಪ್ಯೂಟರಿನ ಕೀಲಿಮಣೆಯ ಎಡತುದಿಯಲ್ಲಿರುವ ‘ಟ್ಯಾಬ್’ ಕೀಲಿ ಆ ಕೋಷ್ಟಕದ ಕಾಲದ ಬಳುವಳಿಯೇ. ಗೋದ್ರೆಜ್ ಕಂಪನಿ 1955ರಲ್ಲಿ ಆರಂಭಿಸಿದ ಟೈಪ್‌ರೈಟರ್ ತಯಾರಿಕೆ 2009ರಲ್ಲಿ ನಿಂತಿತು. ಅದು ಕಲಿಸಿದ ಬೆರಳುಗಳು ಮಾತ್ರ ಈಗಲೂ ಕಚೇರಿಗಳಲ್ಲಿವೆ.

ಅತ್ತ ಅಮೆರಿಕದಲ್ಲಿ ಐಬಿಎಂ ಕಂಪನಿ 1964ರಲ್ಲಿ ಟೈಪ್‌ರೈಟರಿಗೆ ಕಾಂತಪಟ್ಟಿ ಜೋಡಿಸಿ, ಒತ್ತಿದ್ದನ್ನು ನೆನಪಿಟ್ಟುಕೊಳ್ಳುವ ಯಂತ್ರವನ್ನು ಮಾರುಕಟ್ಟೆಗೆ ತಂದಿತ್ತು. ಪದಸಂಸ್ಕರಣೆ ಎಂಬ ಮಾತು ಬಳಕೆಗೆ ಬಂದದ್ದು ಇದರ ಬೆನ್ನಿಗೆ. 1970ರ ದಶಕದ ಕೊನೆಗೆ ವರ್ಡ್‌ಸ್ಟಾರ್, 1983ರಲ್ಲಿ ಮೈಕ್ರೋಸಾಫ್ಟ್ ವರ್ಡ್ ಬಂದವು. ಇವುಗಳನ್ನು ‘ಅಳಿಸಿ ತಿದ್ದಬಹುದಾದ ಟೈಪ್‌ರೈಟರ್’ ಎಂದುಕೊಳ್ಳುವುದು ಸಹಜ. ಆರಂಭದ ಪಾಠಗಳಿಗೆ ಆ ತಿಳಿವಳಿಕೆಯೇ ಸಾಕು.

ಆದರೆ ಎರಡನೆಯ ಹಂತದ ಪಾಠ ಬೇರೆ ಜಾತಿಯದು. ಅಲ್ಲಿ ಕಲಿಯುವವನು ಅಕ್ಷರವನ್ನು ದಪ್ಪ ಮಾಡುವುದಿಲ್ಲ, ‘ಇದು ಶೀರ್ಷಿಕೆ’ ಎಂದು ಯಂತ್ರಕ್ಕೆ ಹೇಳುತ್ತಾನೆ. ಹಾಗೆ ಹೇಳಿದ್ದರೆ ಪರಿವಿಡಿಯನ್ನು ಯಂತ್ರವೇ ಕಟ್ಟಿಕೊಡುತ್ತದೆ. ಒಂದು ಪತ್ರ, ಇನ್ನೂರು ವಿಳಾಸಗಳ ಒಂದು ಪಟ್ಟಿ ಕೊಟ್ಟರೆ ಇನ್ನೂರು ಪತ್ರಗಳು ಹೊರಬರುತ್ತವೆ. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸು ಎಂದರೆ ಜೋಡಿಸುತ್ತದೆ. ಇವೆಲ್ಲಕ್ಕೂ ಒಂದೇ ಷರತ್ತು: ತನ್ನೊಳಗಿರುವುದು ಯಾವ ಅಕ್ಷರವೆಂದು ಯಂತ್ರಕ್ಕೆ ಗೊತ್ತಿರಬೇಕು.

ಕನ್ನಡ ಎಡವಿದ್ದು ಇಲ್ಲಿ. 1990ರ ದಶಕದಲ್ಲಿ ಕಂಪ್ಯೂಟರಿಗೆ ಬಂದ ಹೆಚ್ಚಿನ ಕನ್ನಡ ಅಕ್ಷರಗುಚ್ಛಗಳು ಟೈಪ್‌ರೈಟರಿನ ಉಪಾಯವನ್ನೇ ಮುಂದುವರಿಸಿದವು. ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕೂರಿಸಲಾಯಿತು. ತೆರೆಯ ಮೇಲೆ ಕಾಣುವುದು ಕನ್ನಡ, ಯಂತ್ರಕ್ಕೆ ತಿಳಿದಿರುವುದು ಇಂಗ್ಲಿಷ್. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ಯನ್ನು ಸರ್ಕಾರ ಉಚಿತವಾಗಿ ಹಂಚಿತು. ಊರೂರಿನ ಕಚೇರಿ, ಮುದ್ರಣಾಲಯಗಳಿಗೆ ಕನ್ನಡ ಕಂಪ್ಯೂಟರ್ ತಲುಪಿದ್ದು ಇಂಥ ತಂತ್ರಾಂಶಗಳಿಂದ. ಆ ಉಪಕಾರ ದೊಡ್ಡದು, ಅದನ್ನು ಮರೆಯುವಂತಿಲ್ಲ.

ತೊಡಕು ಎಲ್ಲಿತ್ತೆಂಬುದಕ್ಕೆ ಒಂದು ಉದಾಹರಣೆ ಸಾಕು. ನುಡಿಯ ಹಳೆಯ ಅಕ್ಷರಗುಚ್ಛದಲ್ಲಿ ‘ಆ’ ಕುಳಿತಿದ್ದುದು ಇಂಗ್ಲಿಷಿನ ದೊಡ್ಡ ‘ಡಿ’ ಮನೆಯಲ್ಲಿ, ‘ಜ’ ಕುಳಿತಿದ್ದುದು ಸಣ್ಣ ‘ಡಿ’ ಮನೆಯಲ್ಲಿ. ಇಂಗ್ಲಿಷ್ ತಿಳಿದ ಯಂತ್ರಕ್ಕೆ ದೊಡ್ಡ ಡಿ, ಸಣ್ಣ ಡಿ ಎರಡೂ ಒಂದೇ ಕುಲ. ಹೆಸರುಗಳನ್ನು ಜೋಡಿಸು ಎಂದರೆ ಆನಂದನನ್ನೂ ಜಯಮ್ಮನನ್ನೂ ಅಕ್ಕಪಕ್ಕ ಕೂರಿಸುತ್ತಿತ್ತು. ವಾಕ್ಯದ ಮೊದಲ ಅಕ್ಷರ ದೊಡ್ಡದಿರಬೇಕೆಂಬ ಇಂಗ್ಲಿಷ್ ನಿಯಮವನ್ನು ವರ್ಡ್ ತಾನಾಗಿಯೇ ಅನ್ವಯಿಸಿದರೆ ‘ಜನರು’ ಹೋಗಿ ‘ಆನರು’ ಆಗುತ್ತಿತ್ತು. ಅನುಭವಿ ಆಪರೇಟರುಗಳು ಮೊದಲು ಮಾಡುತ್ತಿದ್ದ ಕೆಲಸವೆಂದರೆ ಇಂಥ ಸೌಲಭ್ಯಗಳನ್ನೆಲ್ಲ ಬಂದ್ ಮಾಡುವುದು. ಮೇಲಿನ ಹಂತದ ಪಾಠವನ್ನು ಕಲಿಯುವ ಬದಲು ಅದರಿಂದ ತಪ್ಪಿಸಿಕೊಳ್ಳುವುದನ್ನು ಕನ್ನಡದ ಬೆರಳಚ್ಚುಗಾರ ಕಲಿಯಬೇಕಾಯಿತು. ಅದು ಅವನ ದಡ್ಡತನವಲ್ಲ, ಅವನಿಗೆ ಕೊಟ್ಟ ಉಪಕರಣದ ಮಿತಿ.

ಪರಿಹಾರ ಎರಡು ದಿಕ್ಕಿನಿಂದ ಬಂತು. ಒಂದು, ಕೀಲಿಮಣೆ. ಮಂಗಳೂರು ಸಮೀಪದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅಕ್ಷರದ ಆಕಾರವನ್ನು ಬಿಟ್ಟು ಉಚ್ಚಾರವನ್ನು ಹಿಡಿದರು. ವ್ಯಂಜನ, ಅದರ ಮೇಲೆ ಸ್ವರ, ಒತ್ತಿಗೊಂದು ಕೊಂಡಿ. ಇಷ್ಟನ್ನು ಇಂಗ್ಲಿಷಿನ 26 ಕೀಲಿಗಳಲ್ಲೇ ಅಡಗಿಸಿದರು. ಎರಡನೆಯದು ಯೂನಿಕೋಡ್. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡದ ಪ್ರತಿ ಅಕ್ಷರಕ್ಕೂ ಸ್ವಂತ ಮನೆ ಸಿಕ್ಕಿತ್ತು. ಆದರೆ ಜನರ ಕಂಪ್ಯೂಟರಿಗೆ ಅದು ಇಳಿದದ್ದು 2001ರಲ್ಲಿ, ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಅಕ್ಷರಶೈಲಿಯೊಂದಿಗೆ ಬಂದಾಗ. ಕಡೂರು, ತರೀಕೆರೆಯ ಕಾಲೇಜುಗಳು ಸೇರಿರುವ ಕುವೆಂಪು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಕೆ. ಚಿದಾನಂದ ಗೌಡರ ಅಧ್ಯಕ್ಷತೆಯ ಕನ್ನಡ ತಂತ್ರಾಂಶ ಸಮಿತಿಯೂ ಮುಂದೆ ಯೂನಿಕೋಡ್ ಪರವಾಗಿ ಶಿಫಾರಸು ಮಾಡಿತು.

ಇವೆರಡೂ ಸೇರಿದಾಗ ಆದದ್ದನ್ನು ನಮ್ಮ ಮೂರು ಊರುಗಳ ಹೆಸರಿನಲ್ಲೇ ನೋಡಬಹುದು. ‘ಕಡೂರು’ ಎಂಬುದು ಯೂನಿಕೋಡಿನಲ್ಲಿ 5 ಗುರುತುಗಳು: ಕ, ಡ, ಊಕಾರ, ರ, ಉಕಾರ. ‘ತರೀಕೆರೆ’ 7. ‘ಅಜ್ಜಂಪುರ’ 8, ಅದರಲ್ಲಿ ಎರಡು ‘ಜ’ಗಳ ನಡುವಿನ ಕೊಂಡಿಗೂ ಒಂದು ಗುರುತು. ಶಾಲೆಯಲ್ಲಿ ಮೇಷ್ಟರು ಅಕ್ಷರ ಬಿಡಿಸಿ ಹೇಳಿಕೊಟ್ಟ ಕ್ರಮವೇ ಬೆರಳು ಒತ್ತುವ ಕ್ರಮ, ಅದೇ ಯಂತ್ರ ನೆನಪಿಡುವ ಕ್ರಮ. ಈ ಮೂರೂ ಒಂದಾದ ಮೇಲೆ ಹುಡುಕುವುದು, ಜೋಡಿಸುವುದು, ಬದಲಿಸುವುದು ಕನ್ನಡಕ್ಕೂ ಸಾಧ್ಯವಾಯಿತು.

ಆದರೆ ಸಾಧ್ಯವಾದದ್ದೆಲ್ಲ ರೂಢಿಗೆ ಬಂದಿತೆನ್ನಲಾಗದು. ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು 2002ರ ಹೊತ್ತಿಗೆ ಕಂಪ್ಯೂಟರ್ ಸೇರಿದವು. ಗ್ರಾಮಲೆಕ್ಕಿಗರೇ ತರಬೇತಿ ಪಡೆದು ತಾಲ್ಲೂಕು ಕಚೇರಿಯ ಗವಾಕ್ಷಿಗಳಲ್ಲಿ ಕುಳಿತರು. 2012ರ ನಿಯಮಗಳು ಸರ್ಕಾರಿ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯನ್ನು ಕಡ್ಡಾಯ ಮಾಡಿದವು. ದೊಡ್ಡ ಯೋಜನೆಗಳ ದತ್ತಾಂಶಕ್ಕೆ ಹೀಗೆ ಹೇಳುವವರು ಕೇಳುವವರು ಇದ್ದರು. ದಿನನಿತ್ಯದ ಪತ್ರಗಳಿಗೆ ಅಂಥ ವಾರಸುದಾರರಿಲ್ಲ. ಸಭೆಯ ನಡಾವಳಿ, ಸಹಕಾರ ಸಂಘದ ವರದಿ, ಶಾಲೆಯ ವಾರ್ಷಿಕ ಸಂಚಿಕೆ, ಊರಿನ ಚರಿತ್ರೆ ಬರೆದವರ ಹಸ್ತಪ್ರತಿ. ಹಳೆಯ ಅಕ್ಷರಗುಚ್ಛದಲ್ಲಿ ಉಳಿದಿರುವ ಇಂಥ ಕಡತಗಳಲ್ಲಿ ‘ತರೀಕೆರೆ’ ಎಂದು ಹುಡುಕಿದರೆ ಇಂದಿನ ಯಂತ್ರ ‘ಇಲ್ಲ’ ಎನ್ನುತ್ತದೆ. ಆ ಅಕ್ಷರಗುಚ್ಛ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರಂತೂ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿ. ಶಾನುಭೋಗರ ಕೈಬರಹವನ್ನು ಕಷ್ಟಪಟ್ಟಾದರೂ ಓದಬಹುದು. ಇದನ್ನು ಪರಿವರ್ತಕ ತಂತ್ರಾಂಶವಿಲ್ಲದೆ ಓದಲಾಗದು.

ಆದ್ದರಿಂದ ತಾಲ್ಲೂಕಿನ ಕಾಲೇಜಿನಲ್ಲೋ ತರಬೇತಿ ಕೇಂದ್ರದಲ್ಲೋ ಪದಸಂಸ್ಕರಣೆಯ ಎರಡನೆಯ ಹಂತವನ್ನು ಕಲಿಸುವವರು ಇಂಗ್ಲಿಷ್ ಪಾಠಪುಸ್ತಕದ ಮೊದಲ ಅಧ್ಯಾಯದಿಂದ ಹೊರಟರೆ ಸಾಲದು. ಕನ್ನಡದ ವಿದ್ಯಾರ್ಥಿಗೆ ಮೊದಲ ಪಾಠ ಒಂದು ಪರೀಕ್ಷೆ: ಬರೆದ ಸಾಲಿನ ಅಕ್ಷರಶೈಲಿಯನ್ನು ಬದಲಿಸಿ ನೋಡು, ಕನ್ನಡ ಕನ್ನಡವಾಗಿಯೇ ಉಳಿಯಿತೇ? ಉಳಿದರೆ ಯೂನಿಕೋಡ್, ಕೆಟ್ಟರೆ ಹಳೆಯದು. ಹಳೆಯದಾದರೆ ಮೊದಲು ಪರಿವರ್ತಿಸು, ಓದಿ ತಿದ್ದು, ಮೂಲದ ಪ್ರತಿಯನ್ನು ಉಳಿಸಿಕೋ. ಶೀರ್ಷಿಕೆ, ಕೋಷ್ಟಕ, ವಿಳಾಸಪಟ್ಟಿಗಳ ಪಾಠ ಆಮೇಲೆ.

ಕೊನೆಯ ಪಾಠ ಯಂತ್ರದ್ದಲ್ಲ, ವಿವೇಕದ್ದು. ‘ಎಲ್ಲವನ್ನೂ ಬದಲಿಸು’ ಎಂಬ ಗುಂಡಿಗೆ ಕಾಲದ ಪರಿವೆಯಿಲ್ಲ. 2010ರ ನಡಾವಳಿಯಲ್ಲಿ ‘ತರೀಕೆರೆ ತಾಲ್ಲೂಕು, ಅಜ್ಜಂಪುರ’ ಎಂದಿದ್ದರೆ ಅಂದಿಗೆ ಅದೇ ಸರಿ. 1940ರ ದಾಖಲೆಯ ನಕಲಿನಲ್ಲಿರುವ ‘ಕಡೂರು ಜಿಲ್ಲೆ’ಯೂ ಹಾಗೆಯೇ. ಹೊಸ ಪತ್ರಕ್ಕೆ ಹೊಸ ಹೆಸರು, ಹಳೆಯದಕ್ಕೆ ಹಳೆಯದು ಎಂಬ ಗುಮಾಸ್ತರ ಪದ್ಧತಿ ಹಾಳೆಗೆ ಹೇಗೋ ತೆರೆಗೂ ಹಾಗೆಯೇ ಸಲ್ಲುತ್ತದೆ.