ನೆರೆಮನೆಯ ಪ್ರಸಾದ, ಸಹೋದರನ ಮನಸ್ಸಾಕ್ಷಿ

ನಂಜನಗೂಡು ಮತ್ತು ಟಿ. ನರಸೀಪುರ ಮೈಸೂರು ಧರ್ಮಪ್ರಾಂತ್ಯದ ವ್ಯಾಪ್ತಿಯಲ್ಲಿವೆ. ಎರಡೂ ಕಡೆ ಕ್ರೈಸ್ತರ ಸಂಖ್ಯೆ ಕಡಿಮೆ. ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದ ದೊಡ್ಡ ಜಾತ್ರೆಯಲ್ಲಿ ಐದು ತೇರುಗಳನ್ನು ಎಳೆಯುತ್ತಾರೆ. ಕಾವೇರಿ-ಕಪಿಲೆಯರ ಸಂಗಮವಾದ ಟಿ. ನರಸೀಪುರದಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಸುವ ರೂಢಿಯಿದೆ. ಇಂಥ ಊರುಗಳಲ್ಲಿ ನೆರೆಯವರು ಪ್ರೀತಿಯಿಂದ ಪ್ರಸಾದ ತಂದುಕೊಡುವುದು ಸಹಜ. ಒಬ್ಬ ಕ್ರೈಸ್ತರು ದೇವರಿಗೆ ವಂದನೆ ಸಲ್ಲಿಸಿ ಅದನ್ನು ತಿನ್ನುತ್ತಾರೆ. ಇನ್ನೊಬ್ಬರ ಮನಸ್ಸು ಒಪ್ಪುವುದಿಲ್ಲ. ಕರಾವಳಿಯ ನಮಗೂ ಈ ಪ್ರಶ್ನೆ ಹೊಸದಲ್ಲ. ಇದೇ ಕಾರಣಕ್ಕೆ ವಿಶ್ವಾಸಿಗಳು ಪರಸ್ಪರ ದೂರವಾಗಬಾರದು.

ಸಂತ ಪೌಲರ ಬೋಧನೆ

ಕೊರಿಂಥದ ಕ್ರೈಸ್ತರಲ್ಲೂ ಇದೇ ವಿವಾದವಿತ್ತು. ಸುಮಾರು ಕ್ರಿ.ಶ. 55ರಲ್ಲಿ ಪೌಲರು ಅವರಿಗೆ ಬರೆದ ಮೊದಲ ಪತ್ರದ 8ರಿಂದ 10ನೇ ಅಧ್ಯಾಯಗಳಲ್ಲಿ ಮೂರು ಸಂದರ್ಭಗಳನ್ನು ಬೇರ್ಪಡಿಸಿದ್ದಾರೆ. ಅನ್ಯ ಆರಾಧನೆಯಲ್ಲಿ ಪಾಲ್ಗೊಳ್ಳುವುದು ಕೂಡದು. ಸಂತೆಯಲ್ಲಿ ಮಾರುವುದನ್ನು, ಊಟಕ್ಕೆ ಕರೆದವರು ಬಡಿಸಿದ್ದನ್ನು ವಿಚಾರಿಸದೆ ತಿನ್ನಬಹುದು. ಆದರೆ ಅದು ಅರ್ಪಿತವಾದದ್ದೆಂದು ಯಾರಾದರೂ ತಿಳಿಸಿದರೆ, ಅವರ ಮನಸ್ಸಾಕ್ಷಿಯ ಸಲುವಾಗಿ ಬಿಡಬೇಕು. ರೋಮನರಿಗೆ ಬರೆದ ಪತ್ರದ 14ನೇ ಅಧ್ಯಾಯದಲ್ಲಿ ಇಬ್ಬರಿಗೂ ಬುದ್ಧಿಮಾತಿದೆ: ತಿನ್ನುವವನು ತಿನ್ನದವನನ್ನು ಹೀಗಳೆಯಬಾರದು, ತಿನ್ನದವನು ತಿನ್ನುವವನ ಮೇಲೆ ತೀರ್ಪು ಕೊಡಬಾರದು. ಆದರೂ ಬಿಟ್ಟುಕೊಡುವ ಹೊಣೆ ಹೆಚ್ಚಾಗಿ ಬೀಳುವುದು ತಿನ್ನಲು ಸ್ವತಂತ್ರನೆಂದು ತಿಳಿದವನ ಮೇಲೆ.

ಧರ್ಮಸಭೆಯ ನಿಲುವು

ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 1790ನೇ ಪರಿಚ್ಛೇದದ ಪ್ರಕಾರ, ಮನಸ್ಸಾಕ್ಷಿಯ ನಿಶ್ಚಿತ ತೀರ್ಪಿಗೆ ವಿರುದ್ಧವಾಗಿ ಯಾರೂ ನಡೆಯುವಂತಿಲ್ಲ. ಮನಸ್ಸಾಕ್ಷಿ ತಪ್ಪಲೂಬಹುದಾದ್ದರಿಂದ ಅದಕ್ಕೆ ಶಿಕ್ಷಣ ಬೇಕು. ನೆರೆಯವನ ಮನಸ್ಸಾಕ್ಷಿಯನ್ನು ಗೌರವಿಸುವುದು ಪ್ರೀತಿಯ ನಿಯಮವೆಂದು 1789ನೇ ಪರಿಚ್ಛೇದ ಹೇಳುತ್ತದೆ.

ಮೈಸೂರು ಸೀಮೆಯ ಅನುಭವ

17ನೇ ಶತಮಾನದ ಮಧ್ಯಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿ ಇಲ್ಲಿಯ ಸಂನ್ಯಾಸಿಗಳ ರೀತಿಯನ್ನು ಅನುಸರಿಸಿದರು. ದಕ್ಷಿಣ ಭಾರತದ ಗುರುಗಳು ಸ್ಥಳೀಯ ಆಚಾರಗಳನ್ನು ಎಷ್ಟರಮಟ್ಟಿಗೆ ಒಪ್ಪಬಹುದೆಂಬುದು ದೀರ್ಘ ವಿವಾದವಾಯಿತು. 1744ರಲ್ಲಿ ಜಗದ್ಗುರು 14ನೇ ಬೆನೆಡಿಕ್ಟರು ಹಲವು ಆಚಾರಗಳನ್ನು ನಿರ್ಬಂಧಿಸಿದರು; ಈ ಬಗ್ಗೆ ಗುರುಗಳು ಮಾಡಬೇಕಾಗಿದ್ದ ಪ್ರಮಾಣವನ್ನು ರೋಮ್ 1940ರಲ್ಲಿ ಕೈಬಿಟ್ಟಿತು. 1969ರಲ್ಲಿ ಭಾರತದ ಬಲಿಪೂಜೆಯಲ್ಲಿ ಕೈಮುಗಿಯುವುದು, ಆರತಿ ಮೊದಲಾದ 12 ಅಂಶಗಳಿಗೆ ಒಪ್ಪಿಗೆ ದೊರೆತಾಗಲೂ ಭಿನ್ನಾಭಿಪ್ರಾಯ ಬಂತು. ಎರಡೂ ಕಡೆಯಲ್ಲಿ ಪ್ರಾಮಾಣಿಕ ವಿಶ್ವಾಸಿಗಳಿದ್ದರು.

ನಡೆದುಕೊಳ್ಳುವ ಬಗೆ

1. ವಿಶ್ವಾಸದ ಮೂಲಸತ್ಯ ಯಾವುದು, ಮನಸ್ಸಾಕ್ಷಿಗೆ ಬಿಟ್ಟ ವಿಷಯ ಯಾವುದು ಎಂದು ಮೊದಲು ತಿಳಿಯೋಣ. ಸಂಶಯವಿದ್ದರೆ ಧರ್ಮಕೇಂದ್ರದ ಗುರುಗಳನ್ನು ಕೇಳೋಣ.

2. ಪ್ರಸಾದ ಬೇಡವೆನ್ನುವವರು ತಂದವರಿಗೆ ನೋವಾಗದಂತೆ ಹೇಳಲಿ. ಮನೆಯಲ್ಲಿ ತಿನ್ನುವವರನ್ನು ಅವಿಶ್ವಾಸಿಗಳೆಂದು ಕರೆಯದಿರಲಿ.

3. ತಿನ್ನುವವರು ಹಿಂಜರಿಯುವವರನ್ನು ಒತ್ತಾಯಿಸದಿರಲಿ, ಗೇಲಿ ಮಾಡದಿರಲಿ. ಹೊಸದಾಗಿ ವಿಶ್ವಾಸಕ್ಕೆ ಬಂದವರ ಎದುರಿನಲ್ಲಂತೂ ಎಚ್ಚರವಿರಲಿ.

4. ಬೇರೆ ಸಭೆಗಳ ಕ್ರೈಸ್ತರು ನಮ್ಮ ಮನೆಗೆ ಬಂದಾಗ ಅವರ ಸಂಯಮವನ್ನೂ ಗೌರವಿಸೋಣ.

ಕ್ರಿಸ್ತರು ಯಾರಿಗಾಗಿ ಪ್ರಾಣಕೊಟ್ಟರೋ ಅವರನ್ನು ಒಂದು ತುತ್ತಿನ ವಿಷಯಕ್ಕೆ ಕಳೆದುಕೊಳ್ಳಬಾರದೆಂಬುದೇ ಪೌಲರ ಕಳಕಳಿ. ಅದು ನಮ್ಮದೂ ಆಗಲಿ.